ಮೂರು ಟ್ಯೂಬ್ ತಿಂದ ಆಂಪ್: ಒಂದು ರೆಕ್ಟಿಫೈಯರ್ ಪ್ರಕರಣ

ಜುಲೈ ತಿಂಗಳ ಒಂದು ಬೆಳಿಗ್ಗೆ ಮಂಗಳೂರಿನ ರಾತ್ರಿ ಬಸ್ಸಿನಲ್ಲಿ ಒಬ್ಬ ಹುಡುಗ ಬೆಂಗಳೂರಿಗೆ ಬಂದ. ಕೈಯಲ್ಲಿ ಗಿಟಾರ್ ಆಂಪ್ಲಿಫೈಯರ್, ಅಂದ್ರೆ ಆಂಪ್, ಬೆನ್ನಿನ ಚೀಲದಲ್ಲಿ ಮೂರು ರೆಕ್ಟಿಫೈಯರ್ ಟ್ಯೂಬ್ (ಎಸಿ ಕರೆಂಟನ್ನು ಡಿಸಿ ಮಾಡುವ ಗಾಜಿನ ವಾಲ್ವ್). ಮೂರನ್ನೂ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ 1, 2, 3 ಅಂತ ಬರೆದಿದ್ದ. ಆ ನಂಬರ್ ಬರೆದಿದ್ದರಿಂದಲೇ ನನ್ನ ಅರ್ಧ ಕೆಲಸ ಮುಗಿಯಿತು ಅಂತ ಆಮೇಲೆ ಗೊತ್ತಾಯಿತು.

"ಅಣ್ಣಾ, ಮೂರೂ ಹೋಗಿದೆ. ನಾಲ್ಕನೇದು ತರಿಸುವ ಮೊದಲು ಒಮ್ಮೆ ನೀವು ನೋಡಿ. ಇದಕ್ಕೆ ಎಂತ ಆಗಿದೆ ಅಂತಲೇ ಗೊತ್ತಾಗ್ತಾ ಇಲ್ಲ ಮಾರಾಯ್ರೆ."

ಮದುವೆ, ರೋಸ್ (ಮಂಗಳೂರು ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಚರ್ಚ್ ಹಬ್ಬ ಅಂತ ವಾರಕ್ಕೆರಡು ಕಡೆ ನುಡಿಸುವ ಬ್ಯಾಂಡಿನ ಹುಡುಗ. ಒಂದು ಟ್ಯೂಬ್ ಹೊರದೇಶದಿಂದ ತರಿಸಬೇಕು ಅಂದ್ರೆ ಅವನ ಒಂದೆರಡು ಕಾರ್ಯಕ್ರಮದ ದುಡ್ಡು ಅಲ್ಲಿಗೇ ಹೋಗುತ್ತದೆ. ಹಾಗಾಗಿ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ರೆಕ್ಟಿಫೈಯರ್ ಟ್ಯೂಬ್ ಹೋಯಿತು ಅಂದಕೂಡಲೇ ಹೊಸದು ಹಾಕುವವರೇ ಜಾಸ್ತಿ. ಆ ಟ್ಯೂಬ್ ತಾನಾಗಿ ಸತ್ತಿತೋ, ಯಾರಾದರೂ ಕೊಂದರೋ ಅಂತ ಕೇಳುವವರು ಕಡಿಮೆ.

ಆಂಪ್ ಕಂಪನಿಯದ್ದಲ್ಲ, ಅವನ ಗೆಳೆಯ ಕೈಯಾರೆ ಕಟ್ಟಿದ್ದು. ಸರ್ಕ್ಯೂಟ್ ಮಾತ್ರ ಗಿಟಾರ್ ನುಡಿಸುವವರಿಗೆಲ್ಲ ಗೊತ್ತಿರುವಂಥದ್ದು: ಫೆಂಡರ್ ಕಂಪನಿ 1963ರಲ್ಲಿ ತಂದ ಡೀಲಕ್ಸ್ ರಿವರ್ಬ್‌ನ ಎಬಿ763. ಎರಡು 6ವಿ6 ಪವರ್ ಟ್ಯೂಬ್, 22 ವ್ಯಾಟ್, 12 ಇಂಚಿನ ಒಂದು ಸ್ಪೀಕರ್. ರೆಕ್ಟಿಫೈಯರ್ ಜಾಗದಲ್ಲಿ ಜಿಝಡ್34. ಅಮೆರಿಕದವರು ಇದನ್ನೇ 5ಎಆರ್4 ಅಂತಾರೆ.

ನಾನು ವಾಲ್ವ್ ಕೆಲಸ ಕಲಿತದ್ದು ರೇಡಿಯೋಗಳ ಮೇಲೆ. ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ಫಿಲಿಪ್ಸ್ ಜೊತೆ ಸೇರಿ ರೇಡಿಯೋ ವಾಲ್ವ್ ತಯಾರಿಸೋಕೆ ಶುರು ಮಾಡಿತ್ತು. ನಮ್ಮೂರ ಕಡೆಯ ಹಳೇ ರಿಪೇರಿಯವರಿಗೆ ಯುರೋಪಿನ ಹೆಸರುಗಳೇ ಬಾಯಲ್ಲಿದ್ದವು. ಆ ಹೆಸರಿನಲ್ಲೇ ಅರ್ಥ ಇದೆ. ಜಿ ಅಂದ್ರೆ 5 ವೋಲ್ಟ್ ಹೀಟರ್ (ಟ್ಯೂಬಿನ ಒಳಗೆ ಕಾಯುವ ತಂತಿ). ಝಡ್ ಅಂದ್ರೆ ಎರಡು ಪ್ಲೇಟ್ (ಕರೆಂಟ್ ಹರಿಯುವ ಲೋಹದ ತಗಡು) ಇರುವ ರೆಕ್ಟಿಫೈಯರ್. 3 ಅಂದ್ರೆ ಎಂಟು ಪಿನ್‌ನ ದೊಡ್ಡ ಬುಡ. ರೇಡಿಯೋದಲ್ಲಿರುತ್ತಿದ್ದ ಇಝಡ್80 ಇದರ ಚಿಕ್ಕ ತಮ್ಮ: 6.3 ವೋಲ್ಟ್ ಹೀಟರ್, ಒಂಬತ್ತು ಪಿನ್‌ನ ಸಣ್ಣ ಬುಡ.

ಇದರ ಕೆಲಸ ಸರಳ. ಟ್ರಾನ್ಸ್‌ಫಾರ್ಮರ್ ಎರಡು ಕೆಂಪು ತಂತಿಯಲ್ಲಿ 330 ವೋಲ್ಟ್, 330 ವೋಲ್ಟ್ ಎಸಿ ಕೊಡುತ್ತದೆ. ಒಂದು ತಂತಿ 4ನೇ ಪಿನ್‌ಗೆ, ಇನ್ನೊಂದು 6ನೇ ಪಿನ್‌ಗೆ. ಒಂದು ಪ್ಲೇಟ್ ಕರೆಂಟ್ ಬಿಡುವಾಗ ಇನ್ನೊಂದು ಸುಮ್ಮನಿರುತ್ತದೆ, ಆಮೇಲೆ ಅದಲುಬದಲು. 8ನೇ ಪಿನ್‌ನಿಂದ ಡಿಸಿ ಹೊರಗೆ ಬರುತ್ತದೆ, ಸುಮಾರು 415 ವೋಲ್ಟ್. ಅಲ್ಲಿಂದ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗೆ, ಮುಂದೆ ಇಡೀ ಆಂಪ್‌ಗೆ. 2 ಮತ್ತು 8ರ ನಡುವೆ ಹೀಟರ್. 5ನೇ ಪಿನ್‌ಗೆ ಕೆಲಸವೇ ಇಲ್ಲ. ಈ 4, 5, 6 ನೆನಪಿಟ್ಟುಕೊಳ್ಳಿ.

ಅವನು ಹೇಳಿದ ಕತೆ

ಚಹಾ ಕೊಟ್ಟು ಮೊದಲಿನಿಂದ ಹೇಳು ಅಂದೆ. ಕತೆ ಕೇಳದೆ ಸ್ಕ್ರೂ ಬಿಚ್ಚಬಾರದು ಅನ್ನೋದು ನನ್ನ ಪದ್ಧತಿ.

ಹಿಂದಿನ ಮಳೆಗಾಲದಲ್ಲಿ ಆಂಪ್ ಗುಂಯ್ ಅನ್ನೋಕೆ ಶುರುವಾಯಿತಂತೆ. ಜೊತೆಗೆ ಜೋರಾಗಿ ಕಾರ್ಡ್ ಬಾರಿಸಿದರೆ ದನಿ ಕುಸಿದು ಹೋಗುತ್ತಿತ್ತು. ಒಂದು ಅಂಗಡಿಗೆ ಕೊಟ್ಟ. ಅವರು ಫಿಲ್ಟರ್ ಕೆಪಾಸಿಟರ್ ಹೋಗಿದೆ ಅಂತ ಹೊಸದು ಹಾಕಿದರು. ಗುಂಯ್ ನಿಂತಿತು. ದನಿ ಕುಸಿಯೋದು ಮಾತ್ರ ನಿಲ್ಲಲಿಲ್ಲ. ಹಾಗಾದ್ರೆ ರೆಕ್ಟಿಫೈಯರ್ ವೀಕ್ ಆಗಿರಬೇಕು ಅಂತ 1ನೇ ಟ್ಯೂಬ್ ತೆಗೆದು 2ನೇದು ಹಾಕಿದ. ಎರಡು ದಿನ ಆಂಪ್ ಹೊಸದರ ಹಾಗೆ ನುಡಿಯಿತು. ಆಮೇಲೆ ಮತ್ತೆ ಅದೇ ಕುಸಿತ. ಎರಡು ವಾರ ಕಳೆದು, ಒಂದು ರೋಸ್ ಸಮಾರಂಭದಲ್ಲಿ, ಟ್ಯೂಬ್ ಕಾದ ಮೇಲೆ ಹೈ ವೋಲ್ಟೇಜ್ ಬಿಡುವ ಸ್ಟ್ಯಾಂಡ್‌ಬೈ ಸ್ವಿಚ್ ಎತ್ತಿದ ಕ್ಷಣಕ್ಕೆ ಟ್ಯೂಬ್ ಒಳಗೆ ಮಿಂಚು ಹೊಡೆದು ಆಂಪ್ ಸತ್ತಿತು. 3ನೇದು ಹಾಕಿದ. ಅದು ಒಂದೇ ವಾರ. ಮಳೆ ಜೋರಾಗಿದ್ದ ರಾತ್ರಿ ಬುಡದ ಹತ್ತಿರ ನೀಲಿ ಬೆಳಕು ಕಂಡು ಫ್ಯೂಸ್ ಹೋಯಿತು.

"ಮೊದಲ ಸಲದ ಗುಂಯ್ ಯಾವ ಸ್ವರದಲ್ಲಿತ್ತು, ನೆನಪಿದೆಯಾ?" ಅಂತ ಕೇಳಿದೆ.

ಅವನು ಯೋಚಿಸಲೇ ಇಲ್ಲ. "ಜಿ ಅಣ್ಣ. ಆದ್ರೆ ನನ್ನ ಗಿಟಾರಿನ ಜಿ ಅಲ್ಲ. ಬಾಸ್‌ನ ದಪ್ಪ ತಂತಿಯ ಜಿ, ಬಾಸ್ ಗಿಟಾರಿನದ್ದು."

ಸಂಗೀತಗಾರನ ಕಿವಿ ಅಂದ್ರೆ ಇದು. ನಮ್ಮ ದೇಶದ ಕರೆಂಟ್ 50 ಹರ್ಟ್ಝ್. ರೆಕ್ಟಿಫೈಯರ್‌ನ ಎರಡೂ ಪ್ಲೇಟ್ ಸರಿಯಾಗಿ ದುಡಿದರೆ ಫಿಲ್ಟರ್‌ನಲ್ಲಿ ಉಳಿಯುವ ಏರಿಳಿತ 100 ಹರ್ಟ್ಝ್, ಒಂದೇ ದುಡಿದರೆ 50. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್, ಅಂದ್ರೆ ಜಿ, 98 ಹರ್ಟ್ಝ್. ಹೆಚ್ಚುಕಡಿಮೆ ಒಂದೇ. ಫಿಲ್ಟರ್ ಕೆಪಾಸಿಟರ್ ಒಣಗಿದ್ದರೆ ಹುಡುಗನಿಗೆ ಆ ಜಿ ಕೇಳಬೇಕಿತ್ತು. ಅವನಿಗೆ ಕೇಳಿದ್ದು ಬಾಸ್‌ನ ನಾಲ್ಕನೇ ತಂತಿಯ ಜಿ, 49 ಹರ್ಟ್ಝ್. 50 ಹರ್ಟ್ಝ್ ಗುಂಯ್ ಹೀಟರ್ ತಂತಿಯಿಂದಲೂ ಬರಬಹುದು. ಆದರೆ ಹೀಟರ್ ಗುಂಯ್‌ಗೆ ದನಿ ಕುಸಿಯೋದಿಲ್ಲ. ಎರಡೂ ಒಟ್ಟಿಗೆ ಇದ್ದರೆ ನನ್ನ ಅನುಮಾನ ಒಂದೇ ಕಡೆ ಹೋಗುತ್ತದೆ: ಎರಡು ಪ್ಲೇಟಿನಲ್ಲಿ ಒಂದು ಕೆಲಸ ಮಾಡುತ್ತಿಲ್ಲ.

ಇಷ್ಟು ಆಂಪ್ ಬಿಚ್ಚುವ ಮುಂಚೆಯೇ ಸಿಕ್ಕಿತು.

ಬಿಚ್ಚಿ ನೋಡಿದಾಗ

ಮೊದಲು ಜೀವದ ಮಾತು. ಇದರ ಒಳಗೆ 400 ವೋಲ್ಟ್‌ಗೂ ಮೇಲೆ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ನಾನು 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್‌ಗೆ ಎರಡು ಕ್ಲಿಪ್ ಬೆಸೆದು ಇಟ್ಟುಕೊಂಡಿದ್ದೇನೆ. ಒಂದು ಕ್ಲಿಪ್ ಚಾಸಿಗೆ, ಇನ್ನೊಂದು ಕೆಪಾಸಿಟರ್‌ನ ಪ್ಲಸ್‌ಗೆ. ಹತ್ತು ಸೆಕೆಂಡ್ ಬಿಟ್ಟು ಮೀಟರ್ ಇಟ್ಟು ನೋಡುತ್ತೇನೆ. ಮೀಟರ್ ಸೊನ್ನೆ ತೋರಿಸುವವರೆಗೆ ಒಳಗೆ ಕೈ ಹಾಕೋದಿಲ್ಲ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವ ಅಭ್ಯಾಸ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಕಣ್ಣಿಗೆ ಬಿದ್ದದ್ದು ಮೂರು ವಿಷಯ. ಫ್ಯೂಸ್ 5 ಆಂಪಿಯರ್ ಇತ್ತು. 230 ವೋಲ್ಟಿನಲ್ಲಿ ಓಡುವ ಈ ಆಂಪ್‌ಗೆ 1 ಆಂಪಿಯರ್ ಸ್ಲೋ ಬ್ಲೋ ಸಾಕು. ಎರಡನೇದು, ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ (ಮೇನ್ಸ್ ಬರುವ ಸುತ್ತು) 220 ಮತ್ತು 240 ಎರಡು ತುದಿ ಇದ್ದವು, ತಂತಿಯನ್ನು 220ಕ್ಕೆ ಬೆಸೆದಿದ್ದರು. ನನ್ನ ಟೇಬಲ್ ಹತ್ತಿರ ಆ ದಿನ ಕರೆಂಟ್ 238 ವೋಲ್ಟ್. ಅಂದ್ರೆ 330 ಇರಬೇಕಾದ ಕಡೆ 357, 5 ಇರಬೇಕಾದ ಹೀಟರ್‌ನಲ್ಲಿ 5.4. ಮಂಗಳೂರಿನ ಮನೆಯಲ್ಲಿ ಎಷ್ಟಿದೆ ಅಂತ ಅವನ ಅಕ್ಕನಿಗೆ ಫೋನ್ ಮಾಡಿಸಿ ಸ್ಟೆಬಿಲೈಸರ್ ಮೇಲಿನ ಅಂಕಿ ಓದಿಸಿದೆ. ಹಗಲಲ್ಲಿ 240, ರಾತ್ರಿ 246. ಆ ರಾತ್ರಿಯ ಲೆಕ್ಕದಲ್ಲಿ ಹೀಟರ್ 5.6 ಆಗುತ್ತದೆ. ಟ್ಯೂಬ್ ಹೀಟರ್ ಹತ್ತು ಪರ್ಸೆಂಟ್‌ವರೆಗೆ ಹೆಚ್ಚುಕಡಿಮೆ ತಡೆಯುತ್ತದೆ, ಅದಕ್ಕಿಂತ ಜಾಸ್ತಿ ಆದರೆ ಆಯುಸ್ಸು ಕರಗುತ್ತದೆ.

ಮೂರನೇದು ದೊಡ್ಡದು. ಮೊದಲ ಫಿಲ್ಟರ್ ಜಾಗದಲ್ಲಿ 100 ಮೈಕ್ರೋಫ್ಯಾರಡ್ ಕೂತಿತ್ತು. ಅಂಗಡಿಯವರ ಬಾಯಲ್ಲಿ 100 ಎಂಎಫ್‌ಡಿ. ಮೂಲ ಸರ್ಕ್ಯೂಟಿನಲ್ಲಿ ಅಲ್ಲಿ ಎರಡು 16 ಪಕ್ಕಪಕ್ಕ ಇರುತ್ತವೆ, ಒಟ್ಟು 32. ಜಿಝಡ್34 ತಯಾರಿಸಿದವರೇ ಹಾಕಿಕೊಟ್ಟ ಮಿತಿ 60.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಅಂಗಡಿಯವರ ತಪ್ಪು ಎಷ್ಟು ಸಹಜವಾಗಿತ್ತು ಅಂತ ನೋಡಿ. ಒಂದು ಪ್ಲೇಟ್ ಸುಮ್ಮನಾದರೆ ಕೆಪಾಸಿಟರ್ ತುಂಬುವ ಸರದಿ ಅರ್ಧಕ್ಕಿಳಿಯುತ್ತದೆ, ಏರಿಳಿತ ಸುಮಾರು ಎರಡು ಪಟ್ಟಾಗುತ್ತದೆ. ಅದೇ ಜಾಗದಲ್ಲಿ ಮೂರು ಪಟ್ಟು ದೊಡ್ಡ ಕೆಪಾಸಿಟರ್ ಇಟ್ಟರೆ ಏರಿಳಿತ ಮೂರನೇ ಒಂದಕ್ಕೆ ಬರುತ್ತದೆ. ಗುಂಯ್ ಮೊದಲಿಗಿಂತಲೂ ಕಡಿಮೆಯಾಯಿತು. ಯಾರಿಗಾದರೂ ರಿಪೇರಿ ಆಯಿತು ಅಂತಲೇ ಅನ್ನಿಸುತ್ತದೆ. ಆದರೆ ಒಂದೇ ಪ್ಲೇಟ್ ಎಲ್ಲ ಕರೆಂಟನ್ನೂ ಹೊರುತ್ತಾ ಇತ್ತು, ಅದಕ್ಕೇ ದನಿ ಕುಸಿಯೋದು ನಿಲ್ಲಲಿಲ್ಲ.

ಇದಕ್ಕೆ ಸ್ಟ್ಯಾಂಡ್‌ಬೈ ಸ್ವಿಚ್ಚಿನ ಪಾಲೂ ಸೇರಿತು. ಈ ಸರ್ಕ್ಯೂಟಿನಲ್ಲಿ ಆ ಸ್ವಿಚ್ ರೆಕ್ಟಿಫೈಯರ್ ಮತ್ತು ಮೊದಲ ಕೆಪಾಸಿಟರ್ ನಡುವೆ ಬರುತ್ತದೆ. ಟ್ಯೂಬ್ ಪೂರ್ತಿ ಕಾದು ಕೂತಿರುವಾಗ ಸ್ವಿಚ್ ಎತ್ತಿದರೆ, ಖಾಲಿ ಕೆಪಾಸಿಟರ್ ಒಂದು ಕ್ಷಣ ಶಾರ್ಟ್ ಇದ್ದ ಹಾಗೆಯೇ ಕರೆಂಟ್ ಎಳೆಯುತ್ತದೆ. 450 ವೋಲ್ಟಿಗೆ 32 ಎಂಎಫ್‌ಡಿ ತುಂಬಿದರೆ ಅದರಲ್ಲಿ 3.2 ಜೌಲ್ ಶಕ್ತಿ. 100 ತುಂಬಿದರೆ 10 ಜೌಲ್. ಅಷ್ಟೂ ಒಂದೇ ಉಸಿರಿಗೆ, ಒಂದೇ ಪ್ಲೇಟಿನ ಮೂಲಕ. ಜಿಝಡ್34ಗೆ ಸ್ಟ್ಯಾಂಡ್‌ಬೈ ಬೇಕಾಗಿಯೇ ಇಲ್ಲ. ಅದರ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಸೂಸುವ ಭಾಗ) ನಿಧಾನಕ್ಕೆ ಕಾಯುತ್ತದೆ, ಹತ್ತಾರು ಸೆಕೆಂಡಿನಲ್ಲಿ ವೋಲ್ಟೇಜ್ ತಾನಾಗಿ ಮೆಲ್ಲಗೆ ಏರುತ್ತದೆ. ಆ ಒಳ್ಳೇ ಗುಣವನ್ನು ಸ್ವಿಚ್ ಹಾಳು ಮಾಡುತ್ತದೆ. 5ವೈ3, 5ಯು4 ಟ್ಯೂಬ್‌ಗಳ ಫಿಲಮೆಂಟೇ ಕ್ಯಾಥೋಡ್, ಅವು ಬೇಗ ಕಾಯುತ್ತವೆ. ಅವುಗಳ ಲೆಕ್ಕ ಬೇರೆ.

ಮೂರು ಡಬ್ಬಿ

ಈಗ ಟ್ಯೂಬ್‌ಗಳು. ಮೂರಕ್ಕೂ ಗಾಜಿನ ಒಳಗೆ ಬೆಳ್ಳಿಯ ಬಣ್ಣದ ಗೆಟರ್ (ಉಳಿದ ಗಾಳಿ ಹೀರುವ ಲೇಪ) ಹಾಗೇ ಇತ್ತು. ಗಾಳಿ ಹೊಕ್ಕಿದ್ದರೆ ಅದು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮೀಟರ್ ಇಟ್ಟೆ. 1 ಮತ್ತು 3ರಲ್ಲಿ 8ನೇ ಪಿನ್‌ಗೂ ಪ್ಲೇಟ್‌ಗಳಿಗೂ ಸಂಬಂಧವೇ ಇಲ್ಲ, ಹಾಗೆಯೇ ಇರಬೇಕು. 2ರಲ್ಲಿ 8 ಮತ್ತು 6ರ ನಡುವೆ ಸೊನ್ನೆ ಓಮ್. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಸಾಸಿವೆ ಕಾಳಿನಂಥ ಸದ್ದು. ಅದು ಸತ್ತಿತ್ತು. 4ನೇ ಪಿನ್ ಕಡೆಯ ಪ್ಲೇಟ್ ಮಾತ್ರ ಹೊಸದರ ಹಾಗಿತ್ತು. ಸತ್ತದ್ದು 6ರ ಕಡೆ.

1 ಮತ್ತು 3ಕ್ಕೆ ನನ್ನ ಚಿಕ್ಕ ಪರೀಕ್ಷೆ ಮಾಡಿದೆ. ಇದಕ್ಕೆ ಹೈ ವೋಲ್ಟೇಜ್ ಬೇಡ. ಹೀಟರ್‌ಗೆ 5 ವೋಲ್ಟ್, ಸುಮಾರು 2 ಆಂಪಿಯರ್ ಕೊಡಬೇಕು. ಬೆಂಚ್ ಸಪ್ಲೈನಿಂದ 30 ವೋಲ್ಟ್ ಡಿಸಿಯನ್ನು 220 ಓಮ್, 5 ವ್ಯಾಟ್ ರೆಸಿಸ್ಟರ್ ಮೂಲಕ ಒಂದು ಪ್ಲೇಟ್‌ಗೆ, ಮೈನಸ್ ಅನ್ನು 8ನೇ ಪಿನ್‌ಗೆ. ಒಂದು ನಿಮಿಷ ಕಾಯಿಸಿ ಪ್ಲೇಟ್‌ಗೂ 8ಕ್ಕೂ ನಡುವೆ ಎಷ್ಟು ವೋಲ್ಟ್ ಉಳಿದಿದೆ ನೋಡಬೇಕು. ಒಳ್ಳೇ ಜಿಝಡ್34 ಆದರೆ ಸುಮಾರು 90 ಮಿಲಿಆಂಪಿಯರ್ ಹರಿದು 9, 10 ವೋಲ್ಟ್ ಉಳಿಯುತ್ತದೆ. ವೀಕ್ ಆಗಿದ್ದರೆ ಅದು ಏರುತ್ತಾ ಹೋಗುತ್ತದೆ. ಹೈ ವೋಲ್ಟೇಜಿನಲ್ಲಿ ಕಿಡಿ ಹಾರುತ್ತದಾ ಅನ್ನೋದು ಇದರಿಂದ ಗೊತ್ತಾಗೋದಿಲ್ಲ. ಆದರೆ ಎರಡು ಪ್ಲೇಟ್ ಸಮ ಇದೆಯಾ ಅನ್ನೋದು ಚೆನ್ನಾಗಿ ಗೊತ್ತಾಗುತ್ತದೆ.

ಎರಡು ವರ್ಷ ದುಡಿದು "ವೀಕ್" ಅನ್ನಿಸಿಕೊಂಡ 1ನೇ ಟ್ಯೂಬ್: ಒಂದು ಪ್ಲೇಟ್ 9.6, ಇನ್ನೊಂದು 9.3. ಒಂದೇ ವಾರ ಬಾಳಿದ 3ನೇದು: 9.2, 9.2.

ಎರಡೂ ಚೆನ್ನಾಗಿದ್ದವು. ಹುಡುಗ ನನ್ನ ಮುಖ ನೋಡಿದ. "ಹಾಗಾದ್ರೆ ಮೊದಲನೇದು ಹೋಗಿರಲೇ ಇಲ್ವಾ ಅಣ್ಣ?"

ಹೋಗಿರಲಿಲ್ಲ. ಆದರೂ ಅದು ಆಂಪ್‌ನಲ್ಲಿದ್ದಾಗಲೇ 50 ಹರ್ಟ್ಝ್ ಗುಂಯ್ ಬಂದಿತ್ತು. ಎರಡು ಪ್ಲೇಟ್ ಸರಿ ಇದ್ದೂ ಒಂದು ದುಡಿಯುತ್ತಿಲ್ಲ ಅಂದ್ರೆ, ಟ್ಯೂಬಿನ ಹೊರಗೆ ಎಲ್ಲೋ ದಾರಿ ತಪ್ಪಿದೆ. ಲೆನ್ಸ್ ಇಟ್ಟು 1ನೇ ಟ್ಯೂಬಿನ ಬುಡ ನೋಡಿದೆ. ಎಲ್ಲ ಪಿನ್ ಬೆಳ್ಳಗೆ ಹೊಳೆಯುತ್ತಿದ್ದವು, 4ನೇದು ಬಿಟ್ಟು. ಅದು ಕಪ್ಪಾಗಿತ್ತು, ಮೇಲೆ ಸಣ್ಣ ಸಣ್ಣ ಗುಳಿ, ಸಿಡುಬು ಬಂದು ಹೋದ ಹಾಗೆ.

ಬಲ್ಬ್ ಹೊಳೆದ ಕ್ಷಣ

ಟ್ಯೂಬ್‌ಗಳನ್ನೆಲ್ಲ ಕಿತ್ತಿಟ್ಟೆ. ಆಂಪನ್ನು ಸೀರೀಸ್ ಬೋರ್ಡಿಗೆ ಹಾಕಿದೆ. ಎಲೆಕ್ಟ್ರಿಷಿಯನ್‌ಗಳಿಗೆಲ್ಲ ಗೊತ್ತಿರುವ ಅದೇ ಬೋರ್ಡ್: ಮೇನ್ಸ್ ಲೈನಿನಲ್ಲಿ ಸಾಲಾಗಿ ಒಂದು 60 ವ್ಯಾಟ್ ಹಳೇ ಬಲ್ಬ್. ಎಲ್‌ಇಡಿ ನಡೆಯೋದಿಲ್ಲ, ತಂತಿ ಕಾಯುವ ಬಲ್ಬೇ ಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಹತ್ತುತ್ತದೆ, ಆಂಪ್ ಉಳಿಯುತ್ತದೆ. ಈ ಹಳೇ ಬಲ್ಬ್ ಎಲ್ಲಾದರೂ ಸಿಕ್ಕಿದರೆ ನಾನು ನಾಲ್ಕು ತಂದಿಟ್ಟುಕೊಳ್ಳುತ್ತೇನೆ.

ಬಲ್ಬ್ ಒಂದು ಸಲ ಮಿನುಗಿ ಕಪ್ಪಾಯಿತು. ಒಂದು ಗಂಟೆ ಬಿಟ್ಟೆ. ಏನೂ ಇಲ್ಲ. ಟ್ರಾನ್ಸ್‌ಫಾರ್ಮರ್ ತಣ್ಣಗಿತ್ತು.

ಮಂಗಳೂರಿನ ಜುಲೈ ಬೇರೆ, ಬೆಂಗಳೂರಿನ ಜುಲೈ ಬೇರೆ. ಅಲ್ಲಿ ಗೋಡೆ ಬೆವರುತ್ತದೆ, ಉಪ್ಪಿನ ಡಬ್ಬಿ ನೀರಾಗುತ್ತದೆ. ನನ್ನ ಕೋಣೆಯಲ್ಲಿ ಆ ದಿನ ಬಿಸಿಲಿತ್ತು. ಪವರ್ ತೆಗೆದು, ಪ್ಲಗ್ ಕಿತ್ತು, ಮೀಟರ್ ಇಟ್ಟು ಸೊನ್ನೆ ನೋಡಿ, ರೆಕ್ಟಿಫೈಯರ್ ಸಾಕೆಟ್‌ಗೆ ಬಾಯಿ ಹತ್ತಿರ ತಂದು ಕನ್ನಡಕ ಒರೆಸುವ ಮುಂಚೆ ಮಾಡುವ ಹಾಗೆ ಹಾ ಅಂತ ಎರಡು ಸಲ ಉಸಿರು ಬಿಟ್ಟೆ. ಸಾಕೆಟ್ ಮೇಲೆ ತೆಳ್ಳಗೆ ಮಂಜು ಕೂತಿತು. ದೂರ ಸರಿದು ಸ್ವಿಚ್ ಹಾಕಿದೆ.

ಚಿರ್ ಅಂತ ಒಂದು ಸಣ್ಣ ಸದ್ದು. ಬಲ್ಬ್ ಪೂರ್ತಿ ಹತ್ತಿತು. ಸಾಕೆಟ್ಟಿನ ತೂತುಗಳ ನಡುವೆ ನೀಲಿ ಎಳೆಯೊಂದು ಎರಡು ಸೆಕೆಂಡ್ ಕುಣಿದು ಆರಿತು, ಬಲ್ಬೂ ಆರಿತು. ಹುಡುಗ ಕುರ್ಚಿಯಿಂದ ಎದ್ದುಬಿಟ್ಟ.

ಆ ಹೊತ್ತಿಗೆ ಆಂಪ್‌ನಲ್ಲಿ ಒಂದು ಟ್ಯೂಬೂ ಇರಲಿಲ್ಲ.

ಆದರೂ ಆತುರ ಪಡಬಾರದು. ಟ್ರಾನ್ಸ್‌ಫಾರ್ಮರ್ ಒಳಗೇ ಸುತ್ತು ಸುಟ್ಟಿದ್ದರೂ ಬಲ್ಬ್ ಹತ್ತಬಹುದು. ಎರಡು ಕೆಂಪು ತಂತಿಯನ್ನು ಸಾಕೆಟ್‌ನಿಂದ ಬಿಡಿಸಿ, ತುದಿಗೆ ಟೇಪ್ ಸುತ್ತಿ ದೂರ ಇಟ್ಟು, ಮತ್ತೆ ಉಸಿರು ಬಿಟ್ಟು ಹಾಕಿದೆ. ಬಲ್ಬ್ ಕಪ್ಪಗೇ ಇತ್ತು. ಟ್ರಾನ್ಸ್‌ಫಾರ್ಮರ್ ಬಚಾವ್. ಹೊಸದಾಗಿ ಸುತ್ತಿಸಬೇಕಾಗಿದ್ದರೆ ಆ ಹುಡುಗನಿಗೆ ಟ್ಯೂಬಿಗಿಂತ ಜಾಸ್ತಿ ಖರ್ಚು ಬರುತ್ತಿತ್ತು.

ಸಾಕೆಟ್ ಬಿಡಿಸಿ ಕಿಟಕಿ ಹತ್ತಿರ ಹಿಡಿದೆ. ಕಂದು ಬಣ್ಣದ ಬೇಕಲೈಟ್. 4ನೇ ತೂತಿನ ಅಂಚು ಸುಟ್ಟು ಒರಟಾಗಿತ್ತು. ಅಲ್ಲಿಂದ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಹೊರಟು, ಖಾಲಿ 5ನೇ ತೂತನ್ನು ಹಾದು, 6ನೇದಕ್ಕೆ ಮುಟ್ಟಿತ್ತು. ಮಸಿ ಅಂದುಕೊಂಡು ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಹೋಗಲಿಲ್ಲ. ಅದು ಮೇಲಿನ ಕೊಳೆ ಅಲ್ಲ, ಬೇಕಲೈಟೇ ಸುಟ್ಟು ಇದ್ದಿಲಾಗಿತ್ತು.

ಮಲ್ಟಿಮೀಟರ್ ಆ ಗೆರೆಯ ಎರಡು ತುದಿಗೆ ಇಟ್ಟರೆ ಏನೂ ತೋರಿಸಲಿಲ್ಲ. ಇದು ಮುಖ್ಯವಾದ ಮಾತು. ಮಲ್ಟಿಮೀಟರ್ ಪರೀಕ್ಷೆ ಮಾಡೋದು ಕೆಲವೇ ವೋಲ್ಟಿನಲ್ಲಿ. 4 ಮತ್ತು 6ರ ನಡುವೆ ಆಂಪ್‌ನಲ್ಲಿ ಇರೋದು 660 ವೋಲ್ಟ್ ಎಸಿ, ಅದರ ತುದಿ 930 ದಾಟುತ್ತದೆ. 220ರ ತುದಿಯಲ್ಲಿ ತಂತಿ ಇದ್ದಾಗ 1000 ಕೂಡ ದಾಟಿರುತ್ತದೆ. ಮೆಗ್ಗರ್ (ಹೈ ವೋಲ್ಟೇಜ್ ಹಾಕಿ ಇನ್ಸುಲೇಷನ್ ನೋಡುವ ಮೀಟರ್) ತಂದು 500 ವೋಲ್ಟ್ ಹಾಕಿದೆ: 20 ಮೆಗಾ ಓಮ್, ನಿಧಾನಕ್ಕೆ ಇಳಿಯುತ್ತಾ. 1000 ಹಾಕಿದೆ: ಮುಳ್ಳು ಸೊನ್ನೆಗೆ ಬಿದ್ದಿತು.

ಕೊನೆಗೆ 4ನೇ ಕಾಂಟ್ಯಾಕ್ಟ್. ಸತ್ತ ಟ್ಯೂಬಿನ ಬುಡದಿಂದ ಕಿತ್ತ ಒಂದು ಪಿನ್ ನನ್ನ ಹತ್ತಿರ ಇದೆ, ಮರದ ಕಡ್ಡಿಯ ತುದಿಗೆ ಅಂಟಿಸಿದ್ದು. ಸಾಕೆಟ್ ತಲೆಕೆಳಗೆ ಮಾಡಿ ಒಂದೊಂದೇ ತೂತಿಗೆ ತೂರಿಸಿದೆ. ಏಳು ತೂತುಗಳಲ್ಲಿ ಕಡ್ಡಿ ನೇತಾಡಿಕೊಂಡು ನಿಂತಿತು. 4ನೇದರಲ್ಲಿ ಹಾಗೇ ಜಾರಿ ಟೇಬಲ್ ಮೇಲೆ ಬಿದ್ದಿತು. ಹುಡುಗನ ಕೈಗೂ ಕೊಟ್ಟೆ. ಅವನು ಮೂರು ಸಲ ಮಾಡಿ ನೋಡಿದ.

ಈಗ ಎಲ್ಲ ಕೂಡಿ ಬಂತು. ಶುರುವಾದದ್ದು ಇಲ್ಲಿಂದ, ಒಂದು ಸಡಿಲ ಕಾಂಟ್ಯಾಕ್ಟ್‌ನಿಂದ. ಕಡಲ ಗಾಳಿಗೆ ಆ ಹಿತ್ತಾಳೆಯ ಹಿಡಿತ ಮೆತ್ತಗಾಗಿರಬೇಕು ಅಂತ ನನ್ನ ಅಂದಾಜು. 4ನೇ ಪ್ಲೇಟ್‌ಗೆ ಕರೆಂಟ್ ಒಮ್ಮೆ ಮುಟ್ಟುತ್ತಿತ್ತು, ಒಮ್ಮೆ ಇಲ್ಲ. ಮುಟ್ಟದಿದ್ದಾಗ ಬಾಸ್‌ನ ಜಿ ಕೇಳುತ್ತಿತ್ತು. ಬಿಟ್ಟು ಬಿಟ್ಟು ಮುಟ್ಟುವಾಗ ಕಿಡಿ ಹಾರಿ ಪಿನ್ನಿಗೆ ಗುಳಿ ಬಿತ್ತು, ಬೇಕಲೈಟ್ ಸುಟ್ಟಿತು. ಅದಕ್ಕೆ ದೊಡ್ಡ ಕೆಪಾಸಿಟರ್ ಹಾಕಿದರು. 2ನೇ ಟ್ಯೂಬ್ ಹಾಕಿದಾಗ ಹೊಸ ಪಿನ್ ಎರಡು ದಿನ ಹಿಡಿದುಕೊಂಡಿತು, ಆಮೇಲೆ ಮತ್ತೆ ಸಡಿಲ. ಆಗ 6ರ ಕಡೆಯ ಪ್ಲೇಟೊಂದೇ 100 ಎಂಎಫ್‌ಡಿಯನ್ನು ಪ್ರತಿ ಸಲ ಸ್ಟ್ಯಾಂಡ್‌ಬೈ ಎತ್ತಿದಾಗ ತುಂಬಬೇಕಾಯಿತು. ಸತ್ತದ್ದು ಅದೇ ಕಡೆ. 5 ಆಂಪಿಯರ್ ಫ್ಯೂಸ್ ನಿಧಾನ ಮಾಡಿದ್ದಕ್ಕೆ ಸಾಕೆಟ್ ಇನ್ನಷ್ಟು ಬೆಂದಿತು. 3ನೇ ಟ್ಯೂಬ್ ಬರುವ ಹೊತ್ತಿಗೆ ಗೆರೆ 6ರವರೆಗೆ ತಲುಪಿತ್ತು. ಮಳೆ ರಾತ್ರಿಯಲ್ಲಿ ಅವನು ನೋಡಿದ ನೀಲಿ ಬೆಳಕು ಟ್ಯೂಬಿನ ಒಳಗಿನದ್ದಲ್ಲ, ಬುಡದ ಕೆಳಗಿನದ್ದು.

ಮೂರರಲ್ಲಿ ನಿಜವಾಗಿ ಸತ್ತದ್ದು ಒಂದೇ.

ಸರಿ ಮಾಡಿದ್ದು

ಎಸ್‌ಪಿ ರೋಡಿನಲ್ಲಿ ಎರಡು ಅಂಗಡಿ ಸುತ್ತಿ ಪಿಂಗಾಣಿಯ ಆಕ್ಟಲ್ ಸಾಕೆಟ್ ತಂದೆ. ಪಿಂಗಾಣಿ ಬೇಕಲೈಟ್ ಹಾಗೆ ಇದ್ದಿಲಾಗೋದಿಲ್ಲ. ಮೊದಲ ಫಿಲ್ಟರ್‌ಗೆ 33 ಎಂಎಫ್‌ಡಿ, 500 ವೋಲ್ಟ್‌ನದ್ದು ಹಾಕಿದೆ. 450ರದ್ದು ಯಾಕೆ ಬೇಡ ಅಂದ್ರೆ, ಪವರ್ ಟ್ಯೂಬ್ ಕಿತ್ತಿರುವಾಗ ಯಾರಾದರೂ ಆಂಪ್ ಹಾಕಿದರೆ ಲೋಡ್ ಇಲ್ಲದೆ ವೋಲ್ಟೇಜ್ 467ಕ್ಕೆ ಏರುತ್ತದೆ. ಪ್ರೈಮರಿ ತಂತಿಯನ್ನು 240ರ ತುದಿಗೆ ಬದಲಿಸಿದೆ. ಫ್ಯೂಸ್ 1 ಆಂಪಿಯರ್ ಸ್ಲೋ ಬ್ಲೋ. ಇನ್ನೆರಡು ಡಬ್ಬಿಯಲ್ಲಿಟ್ಟು ಕೊಟ್ಟೆ, 5 ಆಂಪಿಯರ್‌ನದ್ದನ್ನು ನಾನೇ ಇಟ್ಟುಕೊಂಡೆ.

ಪ್ರತಿ ಪ್ಲೇಟಿನ ದಾರಿಯಲ್ಲಿ 1ಎನ್4007 ಡಯೋಡ್ ಎರಡೆರಡು ಸಾಲಾಗಿ ಹಾಕಿದೆ, ಒಟ್ಟು ನಾಲ್ಕು. ಮುಂದೆ ಯಾವತ್ತಾದರೂ ಟ್ಯೂಬ್ ಒಳಗೆ ಶಾರ್ಟ್ ಆದರೆ ಎಸಿ ನೇರವಾಗಿ ಕೆಪಾಸಿಟರ್‌ಗೆ ನುಗ್ಗದಂತೆ ಅವು ತಡೆಯುತ್ತವೆ. ಟ್ಯೂಬ್ ತನ್ನ ಕೆಲಸ ತಾನು ಮಾಡುತ್ತಿರುತ್ತದೆ, ದನಿ ಬದಲಾಗೋದಿಲ್ಲ. ಒಂದೊಂದೇ ಡಯೋಡ್ ಸಾಕು ಅಂತ ಹಲವರು ಹಾಕುತ್ತಾರೆ. 1ಎನ್4007 ತಡೆಯೋದು 1000 ವೋಲ್ಟ್. ಅಂಥ ಹೊತ್ತಿನಲ್ಲಿ ಅದರ ಮೇಲೆ ಬೀಳೋದು 930ಕ್ಕೂ ಜಾಸ್ತಿ, ಕರೆಂಟ್ ಏರಿದ ರಾತ್ರಿ 1000ದ ಹತ್ತಿರ ಹೋಗುತ್ತದೆ. ಎರಡು ರೂಪಾಯಿಯ ಡಯೋಡ್‌ನಲ್ಲಿ ಉಳಿಸೋದು ಏನಿದೆ?

ಸ್ಟ್ಯಾಂಡ್‌ಬೈ ಸ್ವಿಚ್ಚಿನ ಎರಡು ತುದಿಗೆ ಒಂದು ತಂತಿ ಬೆಸೆದು ಸುಮ್ಮನಾಗಿಸಿದೆ. ಹಾಡಿನ ನಡುವೆ ಆಂಪ್ ಮ್ಯೂಟ್ ಮಾಡೋಕೆ ಅದು ಬೇಕಿತ್ತು ಅಂದ. ಗಿಟಾರಿನ ವಾಲ್ಯೂಮ್ ಇಳಿಸು ಸಾಕು ಅಂದೆ.

ರೆಕ್ಟಿಫೈಯರ್‌ಗೆ ಯಾವುದನ್ನು ಹಾಕೋದು? 3ನೇದು ಹೊಸದು, ಅದನ್ನೇ ಹಾಕಿ ಅಂದ. ನಾನು 1ನೇದನ್ನು ಎತ್ತಿಕೊಂಡೆ. 4ನೇ ಪಿನ್ ಅನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದೆ, ಗುಳಿ ಸ್ವಲ್ಪ ಉಳಿಯಿತು, ಹೊಳಪು ಬಂತು. ಅದು ಎರಡು ವರ್ಷ ಏನೂ ತಪ್ಪು ಮಾಡದೆ ದುಡಿದ ಟ್ಯೂಬ್. 3ನೇದು ಡಬ್ಬಿಯಲ್ಲಿರಲಿ, ಕಾರ್ಯಕ್ರಮಕ್ಕೆ ಹೋಗುವಾಗ ಜೊತೆಗೊಂದು ಇದ್ದ ಹಾಗಾಗುತ್ತದೆ.

ಮೊದಲು ಸೀರೀಸ್ ಬೋರ್ಡಿನಲ್ಲಿ, ಆಮೇಲೆ ನೇರವಾಗಿ ಹಾಕಿದೆ. ಹೀಟರ್ 4.96. ವೋಲ್ಟೇಜ್ ಹನ್ನೆರಡು ಸೆಕೆಂಡಿನವರೆಗೆ ಅಲ್ಲಾಡಲಿಲ್ಲ, ಆಮೇಲೆ ಮೆಲ್ಲಗೆ ಏರಿ 412ರಲ್ಲಿ ನಿಂತಿತು. 6ವಿ6 ಒಂದೊಂದೂ 22 ಮಿಲಿಆಂಪಿಯರ್, ಅಂದ್ರೆ 9 ವ್ಯಾಟ್, ಆರಾಮ. ಡಿಸಿ ಒಳಗೆ ಬರದ ಹಾಗೆ ಒಂದು ಸಣ್ಣ ಕೆಪಾಸಿಟರ್ ಮೂಲಕ ಮೀಟರ್ ಅನ್ನು ಹರ್ಟ್ಝ್‌ಗೆ ತಿರುಗಿಸಿ ಫಿಲ್ಟರ್ ಮೇಲಿಟ್ಟೆ. 100. ಮರದ ಕಡ್ಡಿಯಿಂದ ಟ್ಯೂಬನ್ನು ಆ ಕಡೆ ಈ ಕಡೆ ತಳ್ಳಿದೆ. 100 ಅಲುಗಾಡಲಿಲ್ಲ. ರಾತ್ರಿ ಪೂರ್ತಿ ಒದ್ದೆ ಟವೆಲ್ ಜೊತೆ ಚಾಸಿಯನ್ನು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟು, ಬೆಳಿಗ್ಗೆ ಬಲ್ಬಿನ ಮೂಲಕ ಮತ್ತೆ ಹಾಕಿದೆ. ಬಲ್ಬ್ ಮಿನುಗಿ ಮಂಕಾಯಿತು, ಹಾಗೇ ಉಳಿಯಿತು.

ಹುಡುಗ ಹಳೇ ಸಾಕೆಟ್ ಕೇಳಿ ತೆಗೆದುಕೊಂಡ, ಆಂಪ್ ಕಟ್ಟಿದ ಗೆಳೆಯನಿಗೆ ತೋರಿಸಬೇಕಂತೆ. ಒಂದು ಸಾದಾ ಮೀಟರ್ ಕೊಂಡುಕೋ, ಮನೆಗೆ ಹೋದ ಮೇಲೆ ರಾತ್ರಿ ಹೊತ್ತು ಮೇನ್ಸ್ ಎಷ್ಟಿದೆ, ಹೀಟರ್ ಎಷ್ಟಿದೆ ನೋಡಿ ಹೇಳು ಅಂದೆ. ಹೀಟರ್‌ನ ಎರಡು ತುದಿಯೂ 400 ವೋಲ್ಟ್ ಮೇಲೆ ಕೂತಿರುತ್ತವೆ, ಹಾಗಾಗಿ ಆ ಅಳತೆಯನ್ನು ಗೆಳೆಯನ ಕೈಯಲ್ಲೇ ಮಾಡಿಸು ಅಂತ ಎರಡು ಸಲ ಹೇಳಿದೆ.

ನಾಲ್ಕನೇ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಹಿಂದೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಎಷ್ಟಿತ್ತು ಅಂದ್ರೆ ಅವನ ಮಾತು ಅರ್ಧ ಕೇಳಲಿಲ್ಲ.

"ಅಣ್ಣಾ, ಮೇನ್ಸ್ 246 ಉಂಟು. ಹೀಟರ್ 5.1. ಆರು ಗಂಟೆಯಿಂದ ಆನ್ ಮಾಡಿ ಇಟ್ಟಿದ್ದೇನೆ."